ಕಿವಿ ಮೇಸ್ತ್ರಿಯ ಮನೆಯ ಇಲಿ

ಆ ಮನೆಯಲ್ಲಿ ಇಲಿ ಇದೆಯೋ ಇಲ್ಲವೋ ಎಂಬ ಜಗಳಕ್ಕೆ ಆಗಲೇ ವಯಸ್ಸಾಗಿತ್ತು. ಇದೆ ಎನ್ನುವವಳು ಹೆಂಡತಿ, ಇಲ್ಲ ಎನ್ನುವವನು ಗಂಡ. ಇವರಿಬ್ಬರ ಜಗಳದಲ್ಲಿ ಲಾಭವಾದದ್ದು ಇಲಿಗೆ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಮುಗಿಸುತ್ತ, ಮೈಕೈ ತುಂಬಿಕೊಂಡು ಅದು ಸುಖವಾಗಿತ್ತು.

ಹೆಂಡತಿಯನ್ನು ಬೀದಿಯವರು ಕಾಜಾ ಅಕ್ಕ ಎನ್ನುತ್ತಿದ್ದರು. ಸುತ್ತಮುತ್ತಲ ಟೈಲರುಗಳು ಹೊಲಿದು ಕಳಿಸಿದ ಅಂಗಿ, ಕೋಟುಗಳಲ್ಲಿ ಗುಂಡಿ ತೂರುವ ಕಂಡಿ ಕತ್ತರಿಸಿ, ಅದರ ಅಂಚನ್ನು ಕೈಯಿಂದ ಒತ್ತೊತ್ತಾಗಿ ಹೊಲಿದು, ಗುಂಡಿ ಹಚ್ಚಿ ಕೊಡುವುದು ಅವಳ ಕೆಲಸ. ಆ ಕಂಡಿಗೇ ಕಾಜಾ ಎಂದು ಹೆಸರು. ಮದುವೆಯಾದ ಹೊಸತರಲ್ಲಿ ಹಿಡಿದ ಸೂಜಿ. ಮಗಳು ಹುಟ್ಟಿ, ಬೆಳೆದು, ಗಂಡನ ಮನೆ ಸೇರಿದರೂ ಅದು ಕೈಬಿಟ್ಟಿರಲಿಲ್ಲ. ಈಗೀಗ ಕಣ್ಣು ಉರಿಯುತ್ತಿತ್ತು, ಹೆಬ್ಬೆರಳು ಮರಗಟ್ಟುತ್ತಿತ್ತು, ಕತ್ತು ಎತ್ತಿದರೆ ಲಟಕ್ ಎನ್ನುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗಬೇಕು ಎಂಬುದೊಂದೇ ಅವಳಿಗಿದ್ದ ಆಸೆ. ಹೇಳಿ ಕಳಿಸಿದಂತೆ ಅದೇ ಹೊತ್ತಿಗೆ ಅಟ್ಟದಲ್ಲಿ ಕರಕರ ಶುರುವಾಗುತ್ತಿತ್ತು.

“ರೀ, ಕೇಳಿಸ್ತಾ?”

“ಏನು?”

“ಇಲಿ.”

“ಯಾವ ಇಲಿ? ನನ್ನ ಕಿವಿಗೆ ಬೀಳದ ಇಲಿ ಈ ಮನೇಲಿ ಇನ್ನೂ ಹುಟ್ಟಿಲ್ಲ. ಸುಮ್ನೆ ಮಲಗು.”

ಈ ಮಾತಿಗೆ ಎದುರು ಹೇಳುವುದು ಸುಲಭವಿರಲಿಲ್ಲ. ಅವಳ ಗಂಡ ಬರೀ ಗಂಡನಲ್ಲ, ಕಿವಿ ಮೇಸ್ತ್ರಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ಹೊಲಿಗೆ ಮಿಷನ್ ರಿಪೇರಿ ಅವನ ಕಸುಬು. ಬೇರೆಯವರು ಮಿಷನ್ ಕಂಡ ಕೂಡಲೇ ಸ್ಕ್ರೂಡ್ರೈವರ್ ಹಿಡಿದರೆ, ಇವನು ಮೊದಲು ಚಕ್ರ ತಿರುಗಿಸಿ, ಕಣ್ಣು ಮುಚ್ಚಿ, ಮಿಷನ್ನಿನ ಬೆನ್ನಿಗೆ ಕಿವಿ ಕೊಟ್ಟು ಕೂರುತ್ತಿದ್ದ. ಆಮೇಲೆ ಡಾಕ್ಟರ ಗತ್ತಿನಲ್ಲಿ “ಶಟಲ್ ಸವೆದಿದೆ” ಎನ್ನುತ್ತಿದ್ದ. ಇಲ್ಲವೇ “ಇದಕ್ಕೆ ಯಾವ ಕಾಯಿಲೇನೂ ಇಲ್ಲ, ಎಣ್ಣೆ ಕೊಡದೆ ಉಪವಾಸ ಕೆಡವಿದ್ದೀರಿ” ಎಂದು ಬೈದು ಕಳಿಸುತ್ತಿದ್ದ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ ಇರುತ್ತಿತ್ತು.

ಕಾಜಾ ಅಕ್ಕ ಅವನನ್ನು ಮೊದಲು ನೋಡಿದ್ದೂ ಮಿಷನ್ ಮುಂದೆಯೇ. ಅವಳ ಅಮ್ಮನ ಹಳೆಯ ಮಿಷನ್ ನೋಡಲು ಬಂದು, ಕಣ್ಣು ಮುಚ್ಚಿ ಕಿವಿ ಕೊಟ್ಟವನು ಎಷ್ಟು ಹೊತ್ತಾದರೂ ಏಳಲಿಲ್ಲ. ಆಸಾಮಿ ನಿದ್ದೆ ಹೋದನೇನೋ ಎಂದು ಬಾಗಿಲ ಮರೆಯಲ್ಲಿ ನಿಂತಿದ್ದ ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ಹೆಂಗಸರ ಕಿಲಕಿಲದಂಥದ್ದಲ್ಲ, ಗಂಟಲಿನ ತಳದಿಂದ ಗಡಗಡ ಎಂದು ಬರುವಂಥದ್ದು. ಅದಕ್ಕೆ ಅಮ್ಮನಿಂದ ಬೈಸಿಕೊಂಡಿದ್ದಳು ಕೂಡ. ಅವನು ಕಣ್ಣು ತೆರೆಯದೆಯೇ “ಇದು ಮಿಷನ್ ಸದ್ದಲ್ಲ” ಎಂದ. ಮಾರನೆಯ ದಿನ ಎಣ್ಣೆ ಹಾಕುವ ನೆಪದಲ್ಲಿ ಮತ್ತೆ ಬಂದ. ಆ ಮಿಷನ್ನಿಗೆ ಅಷ್ಟು ಎಣ್ಣೆ ಬೇಕಿರಲಿಲ್ಲ ಎಂಬುದು ಅಮ್ಮನಿಗೂ ಗೊತ್ತಿತ್ತು.

ಇಂಥವನು ಇಲಿ ಇಲ್ಲ ಎಂದರೆ ಬೀದಿಗೆ ಬೀದಿಯೇ ನಂಬುತ್ತಿತ್ತು. ಗೋಡೆಯೊಳಗೆ ನಲ್ಲಿ ಪೈಪು ಸೋರುತ್ತಿದ್ದರೂ ಜನ ಅವನನ್ನೇ ಕರೆದು ಗೋಡೆಗೆ ಕಿವಿ ಇಡಿಸುತ್ತಿದ್ದ ಕಾಲವಿತ್ತು. ಬೀದಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಗಿರಣಿಯಮ್ಮನ ಹತ್ತಿರ ಕಾಜಾ ಅಕ್ಕ ಕಷ್ಟ ಹೇಳಿಕೊಂಡರೆ, “ಮೇಸ್ತ್ರಿಗೇ ಕೇಳಿಸ್ತಿಲ್ಲ ಅಂದ್ಮೇಲೆ ಎಲ್ಲಿಯ ಇಲಿ ಅಕ್ಕ? ನಿಮಗೆ ನಿದ್ದೆ ಸಾಲ್ತಿಲ್ಲ. ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ” ಎಂದಳು. ಪಾಪ, ಕಾಜಾ ಅಕ್ಕನಿಗೂ ಒಮ್ಮೊಮ್ಮೆ ತನ್ನ ತಲೆಯೊಳಗೇ ಏನೋ ಕೊರೆಯುತ್ತಿದೆಯೇ ಎಂಬ ಅನುಮಾನ ಬರುತ್ತಿತ್ತು.

ಒಂದು ದಿನ ಅಟ್ಟ ಗುಡಿಸಿ ಹಿಕ್ಕೆಗಳನ್ನು ಕಾಗದದಲ್ಲಿ ತಂದು ಗಂಡನ ಮುಂದೆ ಹಿಡಿದಳು. ಅವನು ಕನ್ನಡಕ ಏರಿಸಿ ನೋಡಿ, “ಜಿರಲೆದು” ಎಂದ.

“ಇಷ್ಟು ದಪ್ಪದ್ದು ಹಾಕೋ ಜಿರಲೆ ಇದ್ರೆ ಅದಕ್ಕೇ ಬೋನು ಇಡ್ಬೇಕು ಬಿಡಿ” ಎಂದು ಅವಳು ಕಾಗದ ಮುದುರಿ ಎಸೆದಳು. ಕಣ್ಣಿಗೆ ಕಂಡದ್ದಕ್ಕಿಂತ ಅವನ ಕಿವಿಗೆ ಕೇಳದಿದ್ದದ್ದೇ ಆ ಮನೆಯಲ್ಲಿ ದೊಡ್ಡ ಸಾಕ್ಷಿ.

ಹೀಗೆ ಇಲಿಯ ಮೇಲಿನ ಯುದ್ಧ ಅವಳೊಬ್ಬಳ ಪಾಲಿಗೇ ಬಂತು. ಕಾಳು, ಹಿಟ್ಟು ಎಲ್ಲವನ್ನೂ ತಗಡಿನ ಡಬ್ಬಿಗೆ ಸುರಿದಳು. ಹಿತ್ತಲ ಬಾಗಿಲ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆದಳು. ಗೋಡೆಯ ತೂತುಗಳಿಗೆ ಗಾಜಿನ ಚೂರು ತುಂಬಿ ಸಿಮೆಂಟು ಮೆತ್ತಿದಳು, ಕೈ ಕೊಯ್ದುಕೊಂಡಳು. ನುಸಿಗುಳಿಗೆ ಇಟ್ಟರೆ ಇಲಿ ಅದನ್ನು ಅಟ್ಟದ ತುಂಬ ಉರುಳಿಸಿ ಆಟವಾಡಿತು. ಪಕ್ಕದ ಮನೆಯ ಬೆಕ್ಕನ್ನು ತಂದು ಬಿಟ್ಟರೆ ಅದು ಹಾಲು ಕುಡಿದು, ಗುಂಡಿ ಹಚ್ಚಲು ಬಂದ ಬಿಳಿ ಅಂಗಿಗಳ ಮೇಲೆ ಮಲಗಿ, ಮೈಯ ಕೂದಲೆಲ್ಲ ಅಲ್ಲೇ ಬಿಟ್ಟು ಹೋಯಿತು. ಅಂಟಿನ ಹಲಗೆ ಇಟ್ಟರೆ ಅದರಲ್ಲಿ ಸಿಕ್ಕಿಬಿದ್ದದ್ದು ಅವಳದೇ ಚಪ್ಪಲಿ. ಪಾಷಾಣ ಇಟ್ಟಾಗ ಒಂದು ಸತ್ತಿತು ನಿಜ, ಆದರೆ ಎಲ್ಲೋ ಗೋಡೆಯ ಸಂದಿಯಲ್ಲಿ ಹೋಗಿ ಸತ್ತಿತು. ಮನೆಯಲ್ಲಿ ಅನ್ನ ಉಣ್ಣುವಂತಿರಲಿಲ್ಲ. ಮೇಸ್ತ್ರಿ ಮೂಗು ಮುಚ್ಚಿಕೊಂಡು, “ಮೋರಿ ಕಟ್ಟಿಕೊಂಡಿದೆ” ಎಂದ.

“ಕಿವಿ ಅಷ್ಟೇ ಅಂದ್ಕೊಂಡಿದ್ದೆ. ಮೂಗೂ ನಿಮ್ಮದೇ ಗೆಲ್ಲಲಿ” ಎಂದಳು. ಜಗಳವಾಡುವುದಕ್ಕೂ ಅವಳಿಗೆ ಶಕ್ತಿ ಉಳಿದಿರಲಿಲ್ಲ. ಇಲಿ ಕಡಿದದ್ದಕ್ಕಿಂತ, ಒಂದೇ ಮನೆಯಲ್ಲಿದ್ದು ತನ್ನ ಮಾತನ್ನು ಕಸಕ್ಕಿಂತ ಕಡೆ ಮಾಡುತ್ತಿದ್ದಾನಲ್ಲ ಎಂಬುದೇ ಅವಳನ್ನು ಹೆಚ್ಚು ದಣಿಸಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಬಂತು ಎಂದು ಅಂದುಕೊಳ್ಳುತ್ತಿದ್ದಳು. ಕೆಲವು ಸಲ ಅವನಿಗೆ ಕೇಳಲೆಂದೇ ಅನ್ನುತ್ತಿದ್ದಳು. ಅವನು ತಿರುಗಿಯೂ ನೋಡುತ್ತಿರಲಿಲ್ಲ. ಎಂಥ ಗರ್ವ ಎಂದುಕೊಳ್ಳುತ್ತಿದ್ದಳು.

ಕೊನೆಗೆ ಇಲಿ ಕೋಟು ಮಾಸ್ಟರ ಕೋಟಿಗೇ ಬಾಯಿ ಹಾಕಿತು.

ಕೋಟು ಮಾಸ್ಟರು ಅವಳಿಗೆ ಹೆಚ್ಚು ಕೆಲಸ ಕೊಡುವ ಟೈಲರು. ಕಾಜಾಕ್ಕೆಂದು ಕಳಿಸಿದ್ದ ಕಪ್ಪು ಕೋಟಿನ ತೋಳಿನ ತುದಿಯನ್ನು ಇಲಿ ಅರ್ಧಚಂದ್ರಾಕಾರವಾಗಿ ಕತ್ತರಿಸಿತ್ತು. ಕಾಜಾ ಅಕ್ಕ ಒಳ ಹೊಲಿಗೆಯ ಅಂಚಿನಿಂದ ಎಳೆ ಬಿಡಿಸಿ ತೆಗೆದು, ಇಡೀ ದಿನ ಕೂತು, ಎಳೆಗೆ ಎಳೆ ನೇಯ್ದು ಆ ತೂತು ಮುಚ್ಚಿದಳು. ಬೇರೆ ಯಾರ ಕಣ್ಣಿಗೂ ಅದು ಕಾಣುತ್ತಿರಲಿಲ್ಲ. ಆದರೆ ಮಾಸ್ಟರು ಬಟ್ಟೆಯನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡುವವರು.

ಕೋಟು ಒಯ್ದು ಕೊಟ್ಟಾಗ ತೋಳಿನ ತುದಿಯ ಮೇಲೆ ಬೆರಳಾಡಿಸಿ, “ಏನಮ್ಮಾ ಇದು?” ಎಂದರು.

“ಇಲಿ, ಮಾಸ್ಟ್ರೇ.”

“ನಿಮ್ಮ ಮನೇಲಿ ಇಲಿ ಇಲ್ಲ ಅಂತ ಮೇಸ್ತ್ರಿ ಮೊನ್ನೆ ತಾನೆ ಹೇಳ್ತಿದ್ರು!” ಮಾಸ್ಟರು ಕೋಟು ಮಡಚಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನೋಡಮ್ಮ, ಇನ್ನೊಂದ್ಸಲ ಹೀಗಾದ್ರೆ ಗಿರಾಕಿ ನನ್ನ ಬಿಡಲ್ಲ. ಇನ್ನೊಂದು ಮಾತು. ಮೇಸ್ತ್ರಿ ನನ್ನ ಮಿಷನ್ ಎರಡು ಸಲ ನೋಡಿಕೊಟ್ರು. ಟಿಕ್ ಟಿಕ್ ಅನ್ನೋದು ಹಾಗೇ ಇದೆ. ಕೇಳಿದ್ರೆ, ಎಲ್ಲಿ, ಏನೂ ಇಲ್ವಲ್ಲ ಅಂತಾರೆ. ಇವತ್ತು ಮತ್ತೆ ಕಳಿಸ್ತೀನಿ. ಈ ಸಲಾನೂ ಸರಿಹೋಗದಿದ್ರೆ ಪೇಟೆ ಅಂಗಡಿಗೆ ಒಯ್ತೀನಿ, ಬೇಜಾರು ಮಾಡ್ಕೋಬೇಡಿ.”

ಕಾಜಾ ಅಕ್ಕನ ತಲೆಯ ತುಂಬ ಇಲಿಯೇ ಓಡಾಡುತ್ತಿತ್ತು, ಮಿಷನ್ನಿನ ಮಾತು ಅಲ್ಲಿ ನಿಲ್ಲಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಗಿರಣಿಯಮ್ಮನ ಹತ್ತಿರ ಹೋಗಿ ಅವಳ ತಂತಿಯ ಬೋನು ಕೇಳಿದಳು. ಗಿರಣಿಯಮ್ಮ “ನಿಮ್ಮ ಸಮಾಧಾನಕ್ಕೆ ತಗೊಂಡು ಹೋಗಿ” ಎಂದು ಕೊಟ್ಟಳು. ಗಂಡನ ಅಂಗಡಿಯ ಮೂಲೆಯಲ್ಲಿ ಮೊಳೆಗೆ ತೂಗುಹಾಕಿದ್ದ ಮಿಷನ್ನಿನ ತೊಗಲಿನ ಬೆಲ್ಟುಗಳ ತುದಿಯನ್ನು ಯಾರೋ ತಿಂದದ್ದು ಅವಳ ಕಣ್ಣಿಗೆ ಬಿದ್ದಿತ್ತು. ಅವುಗಳ ಕೆಳಗೇ, ಗಂಡ ಕೂರುವ ಸ್ಟೂಲಿನ ಹಿಂದೆಯೇ, ಹುರಿದ ಕಡಲೆಕಾಯಿ ಬೀಜ ಸಿಕ್ಕಿಸಿ ಬೋನು ಇಟ್ಟಳು.

“ಇಡು ಇಡು” ಎಂದ ಮೇಸ್ತ್ರಿ. “ಖಾಲಿ ಕೂತೂ ಕೂತೂ ಬೋನಿಗಾದ್ರೂ ಬುದ್ಧಿ ಬರ್ಲಿ.”

ಮಧ್ಯಾಹ್ನ ಊಟವಾದ ಮೇಲೆ ಅವಳಿಗೆ ಅಡ್ಡಾಗಲು ಮನಸ್ಸಾಗಲಿಲ್ಲ. ಟೀ ಮಾಡಿಕೊಂಡು ಅಂಗಡಿಗೆ ಬಂದಳು. ಮೇಸ್ತ್ರಿ ಕೋಟು ಮಾಸ್ಟರ ಮಿಷನ್ನಿನ ಮುಂದೆ ಕೂತು, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ, ಕಣ್ಣು ಮುಚ್ಚಿ ಕಿವಿ ಕೊಟ್ಟಿದ್ದ. ಅವಳು ಹೊಸಿಲು ದಾಟುವಷ್ಟರಲ್ಲಿ ಅವನ ಬೆನ್ನ ಹಿಂದೆ ಬೋನಿನ ಬಾಗಿಲು ಟಪ್ ಎಂದು ಬಿತ್ತು.

ಅವಳು ಬೆಚ್ಚಿ ಟೀ ಚೆಲ್ಲಿದಳು. ಒಳಗೆ ಸಿಕ್ಕಿದ್ದು ಬೆಕ್ಕಿನ ಮರಿಯಷ್ಟಿದ್ದ ಹೆಗ್ಗಣದಂಥ ಇಲಿ. ಅದು ತಂತಿಗೆ ಮೂತಿ ಬಡಿಯುತ್ತ, ಚೀಂ ಚೀಂ ಎಂದು ಬೀದಿಗೆಲ್ಲ ಕೇಳುವಂತೆ ಕಿರುಚತೊಡಗಿತು. ಕಾಜಾ ಅಕ್ಕನಿಗೆ ಮೊದಲು ಬಂದದ್ದು ಗೆದ್ದೆ ಎಂಬ ಖುಷಿ. “ಈಗೇನಂತೀರಿ?” ಎಂದು ಕೇಳಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟಳು.

ಮೇಸ್ತ್ರಿ ತಿರುಗಲಿಲ್ಲ. ಬೋನಿನ ಸದ್ದು ಚಕ್ರದ ಗರಗರದಲ್ಲಿ ಅಡಗಿಹೋಯಿತು ಎನ್ನೋಣ. ಆದರೆ ಆ ಕಿರುಚಾಟ? ಕೈಚಾಚಿದರೆ ಸಿಗುವಷ್ಟು ಹತ್ತಿರ ಇಲಿ ಪ್ರಾಣ ಬಿಡುವಂತೆ ಅರಚುತ್ತಿದೆ. ಅವನು ಕಣ್ಣು ಮುಚ್ಚಿಕೊಂಡೇ ತಲೆದೂಗುತ್ತಿದ್ದಾನೆ. ಅವನ ಕಿವಿಯ ಕೆಳಗೆ ಮಿಷನ್ ಸುತ್ತಿಗೊಮ್ಮೆ ಟಿಕ್, ಟಿಕ್ ಎನ್ನುವುದು ಬಾಗಿಲಲ್ಲಿ ನಿಂತ ಅವಳಿಗೂ ಕೇಳುತ್ತಿದೆ. “ಹ್ಞಾಂ, ಈಗ ಸರಿಯಾಯ್ತು” ಎಂದು ಅವನು ತನ್ನಷ್ಟಕ್ಕೇ ಹೇಳಿಕೊಂಡ.

ಅವಳು ಸೆರಗಿನಿಂದ ಬೋನು ಮುಚ್ಚಿ, ಎತ್ತಿಕೊಂಡು, ಅವನ ಬೆನ್ನ ಹಿಂದಿನಿಂದಲೇ ಬೀದಿಗಿಳಿದಳು. ಕಳ್ಳತನ ಮಾಡಿದವಳಂತೆ ಆಚೀಚೆ ನೋಡಿಕೊಂಡಳು.

ಬೀದಿ ಮುಗಿದಲ್ಲಿ ದೊಡ್ಡ ಮೋರಿ, ಅದರಾಚೆ ಮುರುಕು ಇಟ್ಟಿಗೆ ಸುರಿದ ಪಾಳು ಜಾಗ. ಅಲ್ಲಿಯವರೆಗೂ ಬೋನು ಹೊತ್ತು ನಡೆದಳು. ನಡೆಯುತ್ತ ಹೋದಂತೆ, ಕಣ್ಣ ಮುಂದೆಯೇ ಇದ್ದೂ ಕಾಣದಿದ್ದದ್ದೆಲ್ಲ ಒಂದೊಂದಾಗಿ ಎದುರು ಬಂತು. ಫೋನು ಅವನ ಪಕ್ಕದಲ್ಲೇ ಹೊಡೆದುಕೊಂಡರೂ ಅಡುಗೆಮನೆಯಿಂದ ಅವಳೇ ಓಡಿಬರಬೇಕಿತ್ತು. ಮಗಳು ಮಾತಾಡಿದರೆ “ಇವಳ್ಯಾಕೆ ಮೂಗಲ್ಲಿ ಮಾತಾಡ್ತಾಳೆ” ಎಂದು ಫೋನು ಇವಳ ಕೈಗೆ ದಾಟಿಸುತ್ತಿದ್ದ. ರಸ್ತೆಯಲ್ಲಿ ಹಿಂದಿನಿಂದ ಬರುವ ಸೈಕಲ್ಲಿಗೆ ದಾರಿ ಬಿಡುತ್ತಿರಲಿಲ್ಲ, ತೋಳು ಹಿಡಿದು ಎಳೆಯಬೇಕಿತ್ತು. ಹತ್ತಿರದಿಂದ ತಗ್ಗಿನ ದನಿಯಲ್ಲಿ ಆಡಿದ್ದು ಕೇಳುತ್ತಿತ್ತು, ಸಣ್ಣ ಚೂಪು ಸದ್ದು ಮಾತ್ರ ಅವನನ್ನು ಮುಟ್ಟುತ್ತಲೇ ಇರಲಿಲ್ಲ. ಅವಳು ಅದನ್ನೆಲ್ಲ ಗರ್ವ ಎಂದಳು, ಸೋಮಾರಿತನ ಎಂದಳು, ವಯಸ್ಸಿಗೆ ಬಂದ ಮೊಂಡುತನ ಎಂದಳು. ಕೋಣ ಎಂದೂ ಅಂದಳು. ಅದನ್ನು ನೆನೆದು ಅವಳಿಗೆ ಅಳು ಬಂತು.

ಮೋರಿಯ ಕಟ್ಟೆಯ ಮೇಲೆ ಕೂತಳು. ಮುಂದೇನು ಎಂಬ ಭಯ ಈಗ ಹಿಡಿಯಿತು. ಕಿವಿ ಮೇಸ್ತ್ರಿಯ ಕಿವಿ ಹೋಗಿದೆ ಎಂದು ಬೀದಿಗೆ ಗೊತ್ತಾದರೆ ಅಂಗಡಿಗೆ ಯಾರು ಬಂದಾರು? ಅಂಗಡಿ ಹೋದರೆ ಹೋಗಲಿ, ಅವಳ ಸೂಜಿ ಇದೆ, ಎರಡು ಹೊಟ್ಟೆ ಹೇಗೋ ತುಂಬುತ್ತದೆ. ಆದರೆ ಆ ಮನುಷ್ಯ? ಅವನಿಗೆ ಅವನ ಕಿವಿ ಬಿಟ್ಟರೆ ಬೇರೆ ಹೆಮ್ಮೆ ಏನಿತ್ತು? ಇಲಿ ಇದೆ ಎಂದು ಅವನ ಮುಖಕ್ಕೆ ಹಿಡಿದರೆ ಅವಳು ಗೆಲ್ಲುತ್ತಾಳೆ, ಅವನು ಪೂರಾ ಸೋಲುತ್ತಾನೆ. ಇಷ್ಟು ಕಾಲ ಹೊಡೆದಾಡಿದ್ದು ಇದಕ್ಕಾ ಎನಿಸಿತು.

ಬೋನಿನ ಬಾಗಿಲು ಎತ್ತಿದಳು. ಇಲಿ ತಕ್ಷಣ ಹೊರಗೆ ಬರಲಿಲ್ಲ, ಮೂಲೆಯಲ್ಲಿ ಮುದುರಿ ಕೂತು ಏದುಸಿರು ಬಿಡುತ್ತಿತ್ತು. “ಹೋಗು ಮಾರಾಯ, ನಿನಗೂ ಸಾಕಾಗಿದೆ, ನನಗೂ ಸಾಕಾಗಿದೆ” ಎಂದಳು. ಬೋನು ಕುಟ್ಟಿದ ಮೇಲೆ ಅದು ಇಟ್ಟಿಗೆಯ ರಾಶಿಯೊಳಗೆ ನುಗ್ಗಿ ಮಾಯವಾಯಿತು. ಗಿರಣಿಯಮ್ಮನ ಮನೆಯ ಜಗಲಿಯ ಮೇಲೆ ಬೋನು ಇಟ್ಟು, ಅವಳು ಹೊರಗೆ ಬರುವ ಮೊದಲೇ ಕಾಜಾ ಅಕ್ಕ ಮನೆಗೆ ಬಂದಳು.

ಮೇಸ್ತ್ರಿ ಮಿಷನ್ ಬಿಟ್ಟು ನೆಲ ನೋಡುತ್ತ ಕೂತಿದ್ದ.

“ಎಲ್ಲಿಗೆ ಹೋಗಿದ್ದೆ?”

“ಗಿರಣಿಯಮ್ಮನಿಗೆ ಬೋನು ವಾಪಸ್ ಕೊಟ್ಟು ಬಂದೆ” ಎಂದಳು, ಅವನಿಗೆ ಮುಖ ತೋರಿಸಿ, ಸ್ವಲ್ಪ ಗಟ್ಟಿಯಾಗಿ. “ನೀವು ಹೇಳಿದ್ದೇ ಸರಿ. ಇಲಿಯೂ ಇಲ್ಲ, ಏನೂ ಇಲ್ಲ. ನನಗೇ ಏನೋ ಭ್ರಮೆ.”

ಅವನು ಗೆದ್ದವನಂತೆ ಬೀಗಲಿಲ್ಲ. ಸ್ಟೂಲಿನ ಹಿಂದೆ ಬೆರಳು ತೋರಿಸಿದ. ಬೋನು ಇದ್ದ ಕಡೆ ಕಡಲೆಕಾಯಿ ಬೀಜದ ಸಿಪ್ಪೆ, ಬೂದು ಕೂದಲು, ಹಸಿ ಹಿಕ್ಕೆ. ಬಾಗಿಲ ಹತ್ತಿರ ಚೆಲ್ಲಿದ ಟೀ.

“ನಾನು ಇಲ್ಲೇ ಕೂತಿದ್ನಾ?”

ಅವಳು ಬಾಗಿ ಸಿಪ್ಪೆ ಗುಡ್ಡೆ ಮಾಡತೊಡಗಿದಳು.

“ಕಿರುಚ್ತಾ?”

“ಹೂಂ.”

“ಜೋರಾಗಾ?”

“ಜೋರಾಗೇ” ಎಂದಳು. ಇನ್ನು ಸುಳ್ಳು ಹೇಳುವ ಶಕ್ತಿ ಅವಳಲ್ಲಿರಲಿಲ್ಲ.

ಅವನು ಎಣ್ಣೆಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. “ಮೊದಮೊದ್ಲು ನೀನು ಸುಮ್ನೆ ಕಾಡಿಸ್ತಿದ್ದೀಯ ಅಂದ್ಕೊಂಡೆ. ಆಮೇಲೆ ಮಗಳು ಬಂದಾಗ, ಮಾತಾಡ್ತಾ ಮಾತಾಡ್ತಾ ಅವಳೂ ಅಟ್ಟದ ಕಡೆ ತಲೆ ಎತ್ತಿದ್ಲು. ನೀನೂ ಎತ್ತಿದೆ. ನನಗೆ ಮಾತ್ರ ಏನೂ ಇಲ್ಲ. ಅವತ್ತೇ ಗೊತ್ತಾಯ್ತು. ಇಲಿ ಇದೆ ಅಂತ ಒಪ್ಕೊಂಡ್ರೆ ಕಿವಿ ಇಲ್ಲ ಅಂತಲೂ ಒಪ್ಕೋಬೇಕಲ್ಲ.”

“ಅದಕ್ಕೆ ನನ್ನ ಹುಚ್ಚಿ ಮಾಡಿದ್ರಾ?” ಮರುಕದ ಅಡಿಯಿಂದ ಅಷ್ಟೂ ದಿನದ ಸಿಟ್ಟು ಮೇಲೆದ್ದು ಬಂತು. “ಬೀದಿಯವರೆಲ್ಲ ನನಗೆ ತಲೆ ಕೆಟ್ಟಿದೆ ಅಂದ್ರು. ರಕ್ತ ಪರೀಕ್ಷೆ ಮಾಡಿಸ್ಕೋ ಅಂದ್ರು. ನೀವು ಕೇಳ್ಕೊಂಡು ಸುಮ್ನಿದ್ರಿ.”

“ಹೌದು” ಎಂದ ಅವನು. “ತಪ್ಪು ಮಾಡಿದೆ.”

ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು. ಜಗಳ ಮುಂದುವರಿಸಬಹುದಿತ್ತು, ಬೇಕಾದಷ್ಟು ಸರಕಿತ್ತು. ಆದರೆ ಮೈಯೆಲ್ಲ ಸೋತುಹೋಗಿತ್ತು. “ಆ ಮಿಷನ್ ಇನ್ನೂ ಸರಿಯಾಗಿಲ್ಲ” ಎಂದಳು. “ಟಿಕ್ ಅಂತಿದೆ. ಮಾಸ್ಟರು ಇನ್ನು ಪೇಟೆಗೆ ಒಯ್ತಾರಂತೆ.”

ಅವನು ಮಿಷನ್ ನೋಡಿದ, ಅವಳನ್ನು ನೋಡಿದ. ಆಮೇಲೆ ಸ್ಟೂಲಿನಿಂದ ಎದ್ದು ಅದನ್ನು ಅವಳ ಕಡೆ ತಳ್ಳಿದ.

“ಬಾ. ಇಲ್ಲಿ ಕಿವಿ ಇಡು. ಕಣ್ಣು ಮುಚ್ಚು, ಕಣ್ಣು ತೆರೆದ್ರೆ ಕಿವಿ ಸೋಮಾರಿಯಾಗುತ್ತೆ.”

ತಣ್ಣನೆಯ ಕಬ್ಬಿಣ, ಎಣ್ಣೆಯ ವಾಸನೆ. ಅವನು ಚಕ್ರ ತಿರುಗಿಸಿದ. “ಸೂಜಿ ಇಳಿಯುವಾಗ್ಲಾ, ಏಳುವಾಗ್ಲಾ?”

“ಏಳುವಾಗ. ಎದ್ದ ಕೂಡ್ಲೇ.”

“ಒಣ ಸದ್ದಾ, ಹಸಿ ಸದ್ದಾ?”

“ಸದ್ದಲ್ಲಿ ಒಣದು, ಹಸೀದು ಅಂತ ಇರುತ್ತಾ?”

“ಇರುತ್ತೆ. ಕೇಳು.”

ಕೇಳಿದಳು. “ಒಣದು” ಎಂದಳು, ಅವಳಿಗೇ ಆಶ್ಚರ್ಯವಾಯಿತು. ಅವನು ಸೂಜಿಯ ಕೆಳಗೆ ನೂಲು ಹೊತ್ತು ಓಡಾಡುವ ಶಟಲ್ ಬಿಚ್ಚಿ, ಏನನ್ನೋ ಅರದಿಂದ ತುಸು ಉಜ್ಜಿ, ಮತ್ತೆ ಕೂರಿಸಿದ. “ಈಗ?” “ಇದೆ.” ಮತ್ತೆ ಬಿಚ್ಚಿದ. “ಈಗ?” “ಕಡಿಮೆ ಆಗಿದೆ.” ಬಿಸಿಲು ಹೊಸಿಲು ಬಿಟ್ಟು ಬೀದಿಗೆ ಸರಿಯುವ ಹೊತ್ತಿಗೆ ಮಿಷನ್ ಸದ್ದಡಗಿ ನುಣ್ಣಗೆ ತಿರುಗತೊಡಗಿತು. “ಇಲ್ಲ, ಹೋಯ್ತು” ಎಂದು ಅವಳು ಹೇಳಿದ ಮೇಲೆಯೇ ಅವನು ಕೈ ತೆಗೆದದ್ದು. ಅವನ ಮುಖದ ಮೇಲೆ ಸಂತೋಷವೂ ಇತ್ತು, ನೋವೂ ಇತ್ತು.

“ನಾಳೆಯಿಂದ ನಿನ್ನ ಕಾಜಾ ಕೆಲಸ ಇಲ್ಲೇ ಕೂತು ಮಾಡು. ಬೆಳಕೂ ಚೆನ್ನಾಗಿದೆ” ಎಂದ.

“ಬೆಳಕಿಗೋಸ್ಕರ ಅಂತ ಬೀದಿಗೆ ಹೇಳೋಣ” ಎಂದಳು ಅವಳು.

ಅಷ್ಟರಲ್ಲಿ ಅಟ್ಟದ ಮೇಲೆ ಕರಕರ. ಅವಳ ಕತ್ತು ಲಟಕ್ ಎಂದು ಮೇಲೆದ್ದಿತು. ಅವನು ಅಟ್ಟ ನೋಡಲಿಲ್ಲ, ಅವಳ ಮುಖ ನೋಡಿದ.

“ಇನ್ನೊಂದಾ?”

“ಹೂಂ.”

ಎಷ್ಟೋ ಕಾಲದಿಂದ ಅವಳು ಕಾದದ್ದು ಈಗ ನಡೆಯಿತು. ಮೇಸ್ತ್ರಿ ಟಾರ್ಚು ಹಿಡಿದು, ಏಣಿ ಹಾಕಿ, ಗೊಣಗದೆ ಅಟ್ಟ ಹತ್ತಿದ. ಅರ್ಧ ಮೈ ಒಳಗೆ ತೂರಿಸಿ, “ಎಡಕ್ಕಾ, ಬಲಕ್ಕಾ?” ಎಂದು ಕೂಗಿದ. ಅವಳು ಗೋಡೆಗೊರಗಿ, ಕಣ್ಣು ಮುಚ್ಚಿ, ಅವನು ಕಲಿಸಿದಂತೆಯೇ ಕೇಳಿದಳು.

“ಬಲಕ್ಕೆ! ಇನ್ನೂ ಒಳಗೆ! ಅಲ್ಲಲ್ಲ, ನಿಮ್ಮ ಮೊಣಕೈ ಹತ್ರಾನೇ ಇದೆ!”

ಮೇಲೆ ಡಬ್ಬಿಗಳು ಉರುಳಿದವು. ರಟ್ಟಿನ ಪೆಟ್ಟಿಗೆಯ ಪುಡಿ ಧೋ ಎಂದು ಸುರಿದು ಮೇಸ್ತ್ರಿಯ ಬೆನ್ನು, ಪಂಚೆ, ಕಾಲೆಲ್ಲ ಬೂದುಬಣ್ಣವಾಯಿತು. ಇಲಿ ಅವನ ಭುಜದ ಮೇಲಿಂದಲೇ ಹಾರಿ, ಏಣಿಯಿಳಿದು ಹಿತ್ತಲಿಗೆ ಓಡಿತು. ಅವನು ಮಾತ್ರ ಇನ್ನೂ ಒಳಗೆ ಟಾರ್ಚು ಬಿಟ್ಟು ಬಲು ಗಂಭೀರವಾಗಿ ಹುಡುಕುತ್ತಿದ್ದ. ಕಾಜಾ ಅಕ್ಕನಿಗೆ ತಡೆಯಲಾಗಲಿಲ್ಲ. ಗಂಟಲಿನ ತಳದಿಂದ, ಎಷ್ಟೋ ತಿಂಗಳಿಂದ ತುಕ್ಕು ಹಿಡಿದು ಕೂತಿದ್ದ ಆ ಗಡಗಡ ನಗು ಹೊರಗೆ ಬಂತು.

ಅಟ್ಟದ ಮೇಲೆ ಟಾರ್ಚು ನಿಂತಿತು. ಧೂಳು ಮೆತ್ತಿದ ತಲೆ ನಿಧಾನವಾಗಿ ಅವಳ ಕಡೆ ತಿರುಗಿತು.

“ಇದು ಇಲಿ ಸದ್ದಲ್ಲ” ಎಂದ ಮೇಸ್ತ್ರಿ.